ಸಕ್ಕರೆ ಕಾಯಿಲೆ ಮತ್ತು ಆಯ ತಪ್ಪುವ ಹೆಜ್ಜೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಮುಂಬಯಿ ಕಡೆಯ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಮಾತು ಅನ್ನ ಎಷ್ಟು, ಸಿಹಿ ಎಷ್ಟು ಎಂಬಲ್ಲಿಗೆ ಮುಗಿದುಹೋಗುತ್ತದೆ. ಅದೇ ಮನೆಯ ಹಿರಿಯರು ಬಚ್ಚಲಲ್ಲಿ ಬಿದ್ದರೆ ವಯಸ್ಸಾಯಿತು ಎಂದುಬಿಡುತ್ತೇವೆ. ಎಷ್ಟೋ ಸಲ ಬೀಳಿಸಿದ್ದು ವಯಸ್ಸೊಂದೇ ಅಲ್ಲ, ಸಕ್ಕರೆಯೂ ಹೌದು.

ನಾವು ನೆಟ್ಟಗೆ ನಿಲ್ಲಬೇಕಾದರೆ ಕಣ್ಣು, ಒಳಕಿವಿ ಹಾಗೂ ಪಾದ ಮತ್ತು ಕೀಲುಗಳಿಂದ ಮಿದುಳಿಗೆ ಎಡೆಬಿಡದೆ ಸುದ್ದಿ ತಲುಪುತ್ತಿರಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ಸಾಮಾನ್ಯವಾಗಿ ಮೊದಲು ಕೆಡಿಸುವುದು ಅತಿ ಉದ್ದದ ನರಗಳ ತುದಿಯನ್ನು, ಅಂದರೆ ಪಾದವನ್ನು. ಜೋಮು, ಉರಿ, ಆಮೇಲೆ ಏನೂ ತಿಳಿಯದಿರುವುದು. ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆಯುವವರಿದ್ದಾರೆ. ಇಂಥವರು ಹಗಲಲ್ಲಿ ಕಣ್ಣಿನ ಆಸರೆಯಿಂದ ಸಲೀಸಾಗಿ ಓಡಾಡುತ್ತಾರೆ, ಆದರೆ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದೊಡನೆ ಮೈ ಓಲಾಡುತ್ತದೆ, ಕೈ ಗೋಡೆಯನ್ನು ತಡಕಾಡುತ್ತದೆ. ಈ ಲಕ್ಷಣವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಕಣ್ಣಿನ ಒಳಪರದೆಯಾದ ಅಕ್ಷಿಪಟಲಕ್ಕೂ ಹಾನಿಯಾಗಿದ್ದರೆ ಕಣ್ಣಿನ ಆಸರೆಯೂ ತಪ್ಪಿತು.

ರಾತ್ರಿ ಮೂತ್ರಕ್ಕೆಂದು ದಡಕ್ಕನೆ ಎದ್ದಾಗ ಕಣ್ಣು ಕತ್ತಲಿಡುವುದು ಬೇರೆ ತೊಂದರೆ. ರಕ್ತದೊತ್ತಡವನ್ನು ಕಾಯುವ ನರಗಳನ್ನೂ ಸಕ್ಕರೆ ಕೆಡಿಸಿರಬಹುದು. ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದಕ್ಕೆ ಚಿಕಿತ್ಸೆ ಬೇಕು. ಅಂಥವರು ಹಾಸಿಗೆಯ ಅಂಚಿನಲ್ಲಿ ಕ್ಷಣಕಾಲ ಕುಳಿತು ಏಳಬೇಕು.

ಸಂಕಷ್ಟಿಯಂದು ಚಂದ್ರೋದಯದವರೆಗೆ ಉಪವಾಸವಿದ್ದು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ತೆಗೆದುಕೊಳ್ಳುವವರ ಬಗ್ಗೆ ನನಗೆ ವಿಶೇಷ ಆತಂಕವಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದ ಹೊತ್ತಿನಲ್ಲಿ ಅವರು ಲೋಕಲ್ ರೈಲಿನ ಬಾಗಿಲಲ್ಲೋ ದಾದರಿನ ಸೇತುವೆಯ ಮೆಟ್ಟಿಲ ಮೇಲೋ ಇರಬಹುದು. ವ್ರತಕ್ಕೆ ಮುನ್ನ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳುವುದರಲ್ಲಿ ಭಕ್ತಿಗೆ ಯಾವ ಕೊರತೆಯೂ ಇಲ್ಲ. ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಬಹುಕಾಲ ಸೇವಿಸುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವ ಕಡಿಮೆಯಾಗಿ ನರಗಳು ಇನ್ನಷ್ಟು ಸೊರಗುವುದುಂಟು, ಅದನ್ನೂ ಪರೀಕ್ಷಿಸಿಕೊಳ್ಳಿ.

ಪಾದದ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ತಟ್ಟಿದರೆ ಕಂಪಿಸುವ ಲೋಹದ ಕವೆಯನ್ನು (ಟ್ಯೂನಿಂಗ್ ಫೋರ್ಕ್) ಕಾಲಿನ ಹೆಬ್ಬೆರಳ ಮೇಲಿಟ್ಟು, ಅದು ನಿಮಗೆ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಇದನ್ನು ಕೇಳಿ ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಚಾಳಿನ ಮೆಟ್ಟಿಲೂ ಮನೆಯ ಟೈಲ್ಸೂ ಒದ್ದೆಯಾಗಿಯೇ ಇರುವುದರಿಂದ ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ, ಬಚ್ಚಲಿಗೆ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ.

ಮಕ್ಕಳು ಗಾಬರಿಯಾದಾರೆಂದು ಬಿದ್ದದ್ದನ್ನು ಮುಚ್ಚಿಡುವ ಹಿರಿಯರು ಬಹಳ. ಎಲ್ಲಿ, ಯಾವ ಹೊತ್ತಿನಲ್ಲಿ ಬಿದ್ದಿರಿ, ಊಟವಾಗಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ವೈದ್ಯರಿಗೆ ತಿಳಿಸಿದರೆ, ಕಾರಣ ನರವೋ, ರಕ್ತದೊತ್ತಡವೋ, ಮಾತ್ರೆಯೋ ಎಂದು ಗುರುತಿಸುವುದು ಅವರಿಗೆ ಸುಲಭವಾಗುತ್ತದೆ.