ಎರಡನೇ ಲ್ಯಾಪ್‌ನ ಸುಲಭವನ್ನು ನಂಬಬೇಡಿ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಟ್ರ್ಯಾಕ್ ಸೈಕ್ಲಿಂಗ್‌ನ ಪರ್ಸೂಟ್ ರೇಸ್, ಅಂದರೆ ಬೆನ್ನಟ್ಟುವ ರೇಸ್ ನೋಡಿದವರು ಸಾಮಾನ್ಯವಾಗಿ ಕೊನೆಯ ಎರಡು ಲ್ಯಾಪ್ ಬಗ್ಗೆಯೇ ಮಾತಾಡುತ್ತಾರೆ. ಯಾರು ಗಟ್ಟಿಯಾಗಿ ನಿಂತರು, ಯಾರ ಕಾಲು ಸೋತಿತು ಅಂತ. ಆದರೆ ಕಾಲು ಸೋಲುವುದು ಅಲ್ಲಿ ತೀರ್ಮಾನವಾಗುವುದಿಲ್ಲ. ಅದು ತುಂಬಾ ಮುಂಚೆ, ಎರಡನೇ ಲ್ಯಾಪ್‌ನಿಂದ ನಾಲ್ಕನೇ ಲ್ಯಾಪ್‌ವರೆಗಿನ ಮುಕ್ಕಾಲು ನಿಮಿಷದಲ್ಲೇ ಮುಗಿದಿರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ, ಆದರೆ ಯಾಕೆ ಹಾಗೆ ಅಂತ ವಿವರವಾಗಿ ನೋಡೋಣ.

ಹೊಸಬರಿಗಾಗಿ ಆಟದ ಪರಿಚಯ ಬೇಗ ಮುಗಿಸುತ್ತೇನೆ. 250 ಮೀಟರ್‌ನ ಟ್ರ್ಯಾಕ್, ಎದುರು ಬದುರು ಎರಡು ಕಡೆಯಿಂದ ಇಬ್ಬರು ಸವಾರರು ಏಕಕಾಲಕ್ಕೆ ಹೊರಡುತ್ತಾರೆ. 4 ಕಿಲೋಮೀಟರ್ ಅಂದರೆ 16 ಲ್ಯಾಪ್. ಮಹಿಳೆಯರಿಗೆ ಮೊದಲು 3 ಕಿಲೋಮೀಟರ್ ಇತ್ತು, 2025ರಿಂದ ಅವರಿಗೂ 4 ಆಗಿದೆ. ಅರ್ಹತಾ ಸುತ್ತಿನಲ್ಲಿ ಗಡಿಯಾರವೇ ಎದುರಾಳಿ. ಫೈನಲ್‌ನಲ್ಲಿ ಒಬ್ಬರು ಇನ್ನೊಬ್ಬರನ್ನು ಹಿಡಿದುಬಿಟ್ಟರೆ ಅಲ್ಲಿಗೇ ರೇಸ್ ಮುಗಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಜರ್ಮನಿಯ ಯೆನ್ಸ್ ಲೇಮನ್ ಅವರನ್ನು ಹಾಗೇ ಹಿಡಿದು ಚಿನ್ನ ಗೆದ್ದರು. ಸೈಕಲ್‌ಗೆ ಒಂದೇ ಗೇರ್, ಬ್ರೇಕ್ ಇಲ್ಲ, ಚಕ್ರ ತಿರುಗುತ್ತಿರುವಷ್ಟು ಹೊತ್ತು ಪೆಡಲ್ ಕೂಡ ತಿರುಗುತ್ತಲೇ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. 2021ರ ಆಗಸ್ಟ್‌ನಲ್ಲಿ ಅಮೆರಿಕದ ಆಷ್ಟನ್ ಲ್ಯಾಂಬಿ ಮೆಕ್ಸಿಕೋದ ಅಗ್ವಾಸ್‌ಕಾಲಿಯೆಂಟೆಸ್‌ನಲ್ಲಿ 3 ನಿಮಿಷ 59.930 ಸೆಕೆಂಡ್‌ನಲ್ಲಿ 4 ಕಿಲೋಮೀಟರ್ ಮುಗಿಸಿದರು. ನಾಲ್ಕು ನಿಮಿಷದೊಳಗೆ ಬಂದ ಮೊದಲ ಸವಾರ ಅವರೇ. 4 ನಿಮಿಷಕ್ಕೆ 4 ಕಿಲೋಮೀಟರ್ ಅಂದರೆ ಗಂಟೆಗೆ ಸರಿಯಾಗಿ 60 ಕಿಲೋಮೀಟರ್, ಅದೂ ನಿಂತಲ್ಲಿಂದ ಹೊರಟ ಸಮಯವನ್ನೂ ಸೇರಿಸಿ. ಸರಾಸರಿ ಲ್ಯಾಪ್‌ಗೆ 15 ಸೆಕೆಂಡ್. ಆದರೆ ಮೊದಲ ಲ್ಯಾಪ್‌ಗೇ 20 ಸೆಕೆಂಡ್ ಹೋಯಿತು ಅಂದುಕೊಳ್ಳಿ, ಉಳಿದ 15 ಲ್ಯಾಪ್‌ಗಳನ್ನು ಒಂದೊಂದಕ್ಕೆ ಸುಮಾರು 14.7 ಸೆಕೆಂಡ್‌ನಂತೆ ಓಡಿಸಬೇಕು, ಅಂದರೆ ಗಂಟೆಗೆ 61 ಕಿಲೋಮೀಟರ್‌ಗಿಂತ ಜಾಸ್ತಿ. ಈ 14.7 ಅನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬೇಕಾಗುತ್ತದೆ.

ಶುರುವಿನಲ್ಲಿ ಜೋರಾಗಿ ಹೋಗಬೇಕಾ, ಸುಧಾರಿಸಿಕೊಂಡು ಹೋಗಬೇಕಾ? ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ: ಮೊದಲ ಹತ್ತು ಹನ್ನೆರಡು ಸೆಕೆಂಡ್ ಪೂರ್ತಿ ಜೋರಾಗಿ. ಕಾರಣ ಸರಳ. ಸವಾರ, ಸೈಕಲ್ ಸೇರಿ 85 ಕಿಲೋ ಇದ್ದರೆ ಆ ವೇಗ ಮುಟ್ಟಿಸುವುದಕ್ಕೆ ಸುಮಾರು 12 ಕಿಲೋಜೂಲ್ ಶಕ್ತಿ ಬೇಕು, ಬೇಗ ಕೊಟ್ಟರೂ ಕೊಡಬೇಕು, ನಿಧಾನವಾಗಿ ಕೊಟ್ಟರೂ ಕೊಡಬೇಕು. ನಿಧಾನವಾಗಿ ಕೊಟ್ಟರೆ ಅಷ್ಟು ಹೊತ್ತು ಕಡಿಮೆ ವೇಗದಲ್ಲಿ ಕಳೆದ ಸಮಯ ವಾಪಸ್ ಬರುವುದಿಲ್ಲ. ಅದೂ ಅಲ್ಲದೆ ವೇಗ ಕಡಿಮೆ ಇರುವಾಗ ಗಾಳಿಯ ತಡೆಯೂ ಕಡಿಮೆ, ಹಾಕಿದ ಶಕ್ತಿ ಬಹುಪಾಲು ವೇಗವಾಗಿಯೇ ಉಳಿಯುತ್ತದೆ. ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿಯ ಸಂಗ್ರಹ ಇರುವುದೂ ಹೆಚ್ಚುಕಡಿಮೆ ಅಷ್ಟೇ ಸೆಕೆಂಡ್‌ಗಳಿಗೆ. ಹಾಗಾಗಿ ಸೈಕಲ್ ಹಿಡಿದಿಟ್ಟಿರುವ ಸ್ಟಾರ್ಟ್ ಗೇಟ್ ಬಿಟ್ಟ ತಕ್ಷಣ ಎದ್ದು ನಿಂತು ತುಳಿಯುವುದರಲ್ಲಿ ಜಿಪುಣತನ ಬೇಡ.

ಸಮಸ್ಯೆ ಶುರುವಾಗುವುದು ಕೂತ ಮೇಲೆ. ಮೊದಲ ಲ್ಯಾಪ್ ಮುಗಿಯುವ ಹೊತ್ತಿಗೆ ಸವಾರ ಸೀಟಿನ ಮೇಲೆ ಕೂತು, ಮೊಣಕೈಗಳನ್ನು ಮುಂದಿನ ಪ್ಯಾಡ್‌ಗಳ ಮೇಲೆ ಇಟ್ಟು, ತಲೆ ತಗ್ಗಿಸಿರುತ್ತಾನೆ. ವೇಗ ಸಿಕ್ಕಿದೆ, ಉಸಿರು ಇನ್ನೂ ಏರಿಲ್ಲ, ಕಾಲು ಹಗುರ. ಇಡೀ ರೇಸ್‌ನಲ್ಲಿ ಇಷ್ಟು ಆರಾಮ ಅನ್ನಿಸುವ ಹೊತ್ತು ಇನ್ನೊಂದಿಲ್ಲ. ಆದರೆ ಆ ಆರಾಮ ಸುಳ್ಳು. ದೇಹ ಆಮ್ಲಜನಕ ಬಳಸುವ ವೇಗ ಪೂರ್ತಿ ಮೇಲೇರಲು ಒಂದು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಬೇಕು. ಅಲ್ಲಿಯವರೆಗೆ ಕೊರತೆ ತುಂಬುವುದು ಆಮ್ಲಜನಕ ಇಲ್ಲದೆ ಸಿಗುವ ಶಕ್ತಿ. ಅದು ಸಾಲ ಇದ್ದ ಹಾಗೆ, ಮಿತಿ ಇದೆ, ಮತ್ತು ಲೆಕ್ಕ ಕೇಳುವವರು ತಡವಾಗಿ ಬರುತ್ತಾರೆ. ಎರಡನೇ ಲ್ಯಾಪ್‌ನಲ್ಲಿ ಮಾಡಿದ್ದು ಹತ್ತನೇ ಲ್ಯಾಪ್‌ನಲ್ಲಿ ಗೊತ್ತಾಗುತ್ತದೆ.

ಒಂದು ಉದಾಹರಣೆ ತಗೊಳ್ಳೋಣ. ಒಬ್ಬ ಸವಾರ 15 ಲ್ಯಾಪ್‌ಗಳನ್ನೂ 14.7ರಲ್ಲೇ ಓಡಿಸುತ್ತಾನೆ. ಇನ್ನೊಬ್ಬ ಮೊದಲ ಅರ್ಧವನ್ನು 14.2ರಲ್ಲಿ, ಉಳಿದರ್ಧವನ್ನು 15.2ರಲ್ಲಿ ಮುಗಿಸುತ್ತಾನೆ. ಇಬ್ಬರ ಸಮಯವೂ ಒಂದೇ ಅಲ್ವಾ? ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಪವರ್ ಘನಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹಾಕಿದರೆ ಎರಡನೆಯವನು ಸುಮಾರು 0.35 ಶೇಕಡಾ ಹೆಚ್ಚು ಶಕ್ತಿ ಖರ್ಚು ಮಾಡಿರುತ್ತಾನೆ. ಅಷ್ಟೇನಾ ಅನ್ನಿಸಬಹುದು. ಸಮಯಕ್ಕೆ ಬದಲಾಯಿಸಿದರೆ ಸುಮಾರು 0.4 ಸೆಕೆಂಡ್. ಲ್ಯಾಂಬಿಯ ದಾಖಲೆಯನ್ನು ಇಟಲಿಯ ಫಿಲಿಪ್ಪೊ ಗನ್ನಾ 2022ರಲ್ಲಿ ಫ್ರಾನ್ಸ್‌ನ ಸ್ಯಾಂ-ಕಾಂತಾಂ-ಆನ್-ಈವ್ಲೀನ್‌ನಲ್ಲಿ 3:59.636ಕ್ಕೆ ಇಳಿಸಿದಾಗ ವ್ಯತ್ಯಾಸ ಇದ್ದದ್ದು 0.294 ಸೆಕೆಂಡ್. 2024ರಲ್ಲಿ ಡೆನ್ಮಾರ್ಕ್‌ನ ಬ್ಯಾಲರಪ್‌ನಲ್ಲಿ ಜೊನಾಥನ್ ಮಿಲಾನ್ 3:59.153 ಮಾಡಿದರು, ಅಲ್ಲೂ ಗನ್ನಾ ಸಮಯಕ್ಕಿಂತ ಅರ್ಧ ಸೆಕೆಂಡ್‌ಗೂ ಕಡಿಮೆ. ಈ ಮಟ್ಟದಲ್ಲಿ 0.4 ಅಂದರೆ ತುಂಬಾ ದೊಡ್ಡದು. ಇದು ಬರೀ ಗಾಳಿಯ ಲೆಕ್ಕ ಅನ್ನುವುದನ್ನೂ ಮರೆಯಬೇಡಿ. ನಿಜವಾದ ದೇಹದಲ್ಲಿ 14.2ರಲ್ಲಿ ಹೋದವನು 15.2ಕ್ಕೆ ಇಳಿದು ಅಲ್ಲೇ ನಿಲ್ಲುವುದಿಲ್ಲ. 15.2, 15.5, 15.9 ಅಂತ ಜಾರುತ್ತಲೇ ಹೋಗುತ್ತಾನೆ.

ಜಾರುವಾಗ ಇನ್ನೊಂದು ಆಗುತ್ತದೆ, ಇದನ್ನು ಹತ್ತಿರದಿಂದ ನೋಡಿದರೇ ಕಾಣುವುದು. ಸುಸ್ತಾದ ಸವಾರನ ತಲೆ ಸ್ವಲ್ಪ ಮೇಲೇಳುತ್ತದೆ, ಭುಜ ಅಗಲವಾಗುತ್ತದೆ, ಇಳಿಜಾರಾಗಿರುವ ತಿರುವಿನಲ್ಲಿ ಮುಂದಿನ ಚಕ್ರ ಟ್ರ್ಯಾಕಿನ ಒಳಬದಿಯ ಕಪ್ಪು ಗೆರೆ ಬಿಟ್ಟು ಮೇಲೆ ಹೋಗುತ್ತದೆ. ಟ್ರ್ಯಾಕ್ 250 ಮೀಟರ್ ಅಂತ ಅಳೆಯುವುದು ಆ ಕಪ್ಪು ಗೆರೆಯ ಮೇಲೆ. ತಿರುವುಗಳಲ್ಲಿ ಅದರಿಂದ 10 ಸೆಂಟಿಮೀಟರ್ ಮೇಲೆ ಹೋದರೆ ಪ್ರತಿ ಲ್ಯಾಪ್‌ಗೂ ಸುಮಾರು ಅರ್ಧ ಮೀಟರ್ ಜಾಸ್ತಿ ತುಳಿಯಬೇಕು. ಕೊನೆಯ ಐದು ಲ್ಯಾಪ್ ಹೀಗೆ ಹೋದರೆ ಎರಡೂವರೆ ಮೀಟರ್, ಹತ್ತಿರ ಹತ್ತಿರ 0.15 ಸೆಕೆಂಡ್. ವೇಗ ಹಂಚುವುದು, ಗೆರೆ ಹಿಡಿಯುವುದು, ಮೈ ತಗ್ಗಿಸಿ ಕೂರುವುದು ಬೇರೆ ಬೇರೆ ಪಾಠ ಅಂತ ಕೆಲವರು ಕಲಿಸುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಶುರುವಿನ ದುಂದು ಕೊನೆಯಲ್ಲಿ ಈ ಮೂರನ್ನೂ ಒಟ್ಟಿಗೆ ಕೆಡಿಸುತ್ತದೆ.

ಸರಿ, ತಾನು 14.7ರಲ್ಲಿದ್ದೇನಾ 14.2ರಲ್ಲಿದ್ದೇನಾ ಅಂತ ಸವಾರನಿಗೆ ಗೊತ್ತಾಗುವುದು ಹೇಗೆ? ಟ್ರ್ಯಾಕ್ ರೇಸ್‌ನಲ್ಲಿ ಸವಾರನ ಕಣ್ಣಿಗೆ ಬೀಳುವಂತೆ ಮೀಟರ್ ಇಟ್ಟುಕೊಳ್ಳಲು ನಿಯಮ ಬಿಡುವುದಿಲ್ಲ. ಅದಕ್ಕೇ ಕೋಚ್ ಲ್ಯಾಪ್ ಮುಗಿಯುವ ಗೆರೆಯ ಪಕ್ಕ ನಿಲ್ಲುವುದು. ಮೊದಲೇ ಒಪ್ಪಿಕೊಂಡ ಶೆಡ್ಯೂಲ್ ಇರುತ್ತದೆ. ಸವಾರ ಸರಿಯಾಗಿ ಅದೇ ಸಮಯಕ್ಕೆ ಬಂದರೆ ಕೋಚ್ ಗೆರೆಯ ಮೇಲೇ ನಿಂತಿರುತ್ತಾರೆ. ಮುಂದಿದ್ದರೆ ಒಂದು ಕಡೆಗೆ ಒಂದೆರಡು ಹೆಜ್ಜೆ, ಹಿಂದಿದ್ದರೆ ಇನ್ನೊಂದು ಕಡೆಗೆ. ಗಂಟೆಗೆ 61 ಕಿಲೋಮೀಟರ್ ವೇಗದಲ್ಲಿ, ತಲೆ ತಗ್ಗಿಸಿಕೊಂಡು, ಪ್ರೇಕ್ಷಕರ ಗದ್ದಲದಲ್ಲಿ ಸವಾರ ಓದಬೇಕಾದದ್ದು ಆ ಎರಡು ಕಾಲು ಎಲ್ಲಿ ನಿಂತಿವೆ ಅನ್ನುವುದನ್ನು ಮಾತ್ರ. ಒಳ್ಳೆಯ ಕೋಚ್ ಎರಡು, ಮೂರನೇ ಲ್ಯಾಪ್‌ನಲ್ಲಿ ಕೂಗಿ ಹುರಿದುಂಬಿಸುವುದಿಲ್ಲ. ಕೈಯನ್ನು ಕೆಳಗೆ ಮಾಡಿ, ತಡಿ ತಡಿ ಅನ್ನುತ್ತಾರೆ.

ಗೇರ್ ಕೂಡ ಇಲ್ಲಿ ಮಾತಾಡುತ್ತದೆ. ಮುಂದೆ 60, ಹಿಂದೆ 14 ಹಲ್ಲಿನ ಗೇರ್ ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 9 ಮೀಟರ್ ಹೋಗುತ್ತದೆ. 14.7ರ ಲ್ಯಾಪ್‌ಗೆ ನಿಮಿಷಕ್ಕೆ ಸುಮಾರು 113 ಸುತ್ತು. ಒಂದೇ ಗೇರ್ ಆದ್ದರಿಂದ ಕಾಲಿನ ತಾಳ ಅಂದರೇ ವೇಗ, ಅಭ್ಯಾಸ ಇದ್ದವರ ಕಾಲಿಗೆ 113ಕ್ಕೂ 117ಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ದೊಡ್ಡ ಗೇರ್ ಹಾಕಿದರೆ ಮಧ್ಯದಲ್ಲಿ ತಾಳ ಆರಾಮ, ಹೊರಡುವುದು ಕಷ್ಟ, ಮತ್ತು ಕೊನೆಯಲ್ಲಿ ವೇಗ ಬಿದ್ದರೆ ಎತ್ತುವುದು ಇನ್ನೂ ಕಷ್ಟ.

ಎತ್ತರದ ಊರುಗಳ ಟ್ರ್ಯಾಕ್ ಬಗ್ಗೆ ಒಂದು ಮಾತು. ಗಾಳಿ ತೆಳು, ತಡೆ ಕಡಿಮೆ, ಹಾಗಾಗಿ ಲ್ಯಾಂಬಿ ಆರಿಸಿಕೊಂಡಂಥ ಜಾಗಕ್ಕೆ ದಾಖಲೆ ಬಯಸುವವರು ಹೋಗುತ್ತಾರೆ. ಆದರೆ ಅಲ್ಲಿ ಆಮ್ಲಜನಕವೂ ಕಡಿಮೆ, ಸಾಲದ ಮೇಲೆ ಹೆಚ್ಚು ಒತ್ತಡ. ಅಲ್ಲಿ ಮೊದಲ ನಾಲ್ಕು ಲ್ಯಾಪ್‌ನ ಅವಸರ ಇನ್ನೂ ದುಬಾರಿ.

ಫೈನಲ್‌ನಲ್ಲಿ ಎದುರಾಳಿ ಮೊದಲ ಕಿಲೋಮೀಟರ್‌ನಲ್ಲಿ ಒಂದು ಸೆಕೆಂಡ್ ಮುಂದೆ ಹೋದರೆ ಏನು ಮಾಡಬೇಕು? ಏನೂ ಮಾಡಬಾರದು. ಹೇಳುವುದು ಸುಲಭ, ಟ್ರ್ಯಾಕಿನ ಆಚೆ ಬದಿಯಲ್ಲಿ ಅವನು ಕಾಣುತ್ತಿರುವಾಗ ಸುಮ್ನೆ ಇರುವುದಕ್ಕೆ ದೊಡ್ಡ ಎದೆ ಬೇಕು. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ ಟೀಮ್ ಪರ್ಸೂಟ್ (ನಾಲ್ವರ ತಂಡ ಸಾಲಾಗಿ ಹೋಗುತ್ತಾ, ಸರದಿಯಂತೆ ಒಬ್ಬೊಬ್ಬರು ಮುಂದೆ ಎಳೆಯುವ ರೇಸ್) ಫೈನಲ್ ನೆನಪಿಸಿಕೊಳ್ಳಿ. ಕೊನೆಯ ಕಿಲೋಮೀಟರ್‌ನಲ್ಲೂ ಡೆನ್ಮಾರ್ಕ್ ಮುಂದಿತ್ತು, ಇಟಲಿ ಹಿಂದೆ. ಇಟಲಿಯ ಬಳಿ ಗನ್ನಾ ಇನ್ನೂ ಉಳಿದಿದ್ದರು. ಅವರು ಮುಂದೆ ಬಂದು ಎಳೆದ ರೀತಿಗೆ ಇಟಲಿ 3:42.032ರಲ್ಲಿ ಮುಗಿಸಿತು, ಡೆನ್ಮಾರ್ಕ್ 3:42.198. ವಿಶ್ವದಾಖಲೆ, ಚಿನ್ನ, ಎಲ್ಲ 0.166 ಸೆಕೆಂಡ್‌ನಲ್ಲಿ.

ಟೀಮ್ ಪರ್ಸೂಟ್‌ನಲ್ಲಿ ಹಂಚಿಕೆ ಇನ್ನೊಂದು ರೀತಿ. ನಾಲ್ವರಲ್ಲಿ ಮೂರನೆಯವರ ಚಕ್ರ ಗೆರೆ ದಾಟಿದಾಗ ಸಮಯ ನಿಲ್ಲುತ್ತದೆ. ಹಿಂದಿರುವವರಿಗೆ ಗಾಳಿ ತಡೆ ತುಂಬಾ ಕಡಿಮೆ. ಅದಕ್ಕೇ ಗಟ್ಟಿಗರು ಮುಂದೆ ಜಾಸ್ತಿ ಲ್ಯಾಪ್ ಎಳೆಯಬೇಕೇ ಹೊರತು ಜಾಸ್ತಿ ವೇಗವಾಗಿ ಎಳೆಯಬಾರದು. ಮುಂದೆ ಬಂದವನು ಉತ್ಸಾಹದಲ್ಲಿ 0.3 ಸೆಕೆಂಡ್ ಬೇಗ ಓಡಿಸಿದರೆ, ಈಗಷ್ಟೇ ತಿರುವಿನ ಇಳಿಜಾರಿನ ಮೇಲೇರಿ ಇಳಿದು ಕೊನೆಯಲ್ಲಿ ಸೇರಿಕೊಳ್ಳುತ್ತಿರುವವನಿಗೆ ಆ ಚಕ್ರ ಸಿಗುವುದೇ ಇಲ್ಲ. ಒಮ್ಮೆ ಅಂತರ ಬಿತ್ತು ಅಂದರೆ ಮುಗಿಯಿತು.

ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ. ಪೂರ್ತಿ 4 ಕಿಲೋಮೀಟರ್ ಪದೇ ಪದೇ ಓಡಿಸಬೇಡಿ. ನಿಂತಲ್ಲಿಂದ ಹೊರಟು ನಾಲ್ಕೇ ಲ್ಯಾಪ್ ಓಡಿಸಿ, ಬಿಡಿ, ಚೆನ್ನಾಗಿ ಸುಧಾರಿಸಿಕೊಳ್ಳಿ, ಮತ್ತೆ ಮಾಡಿ. ಪ್ರತಿ ಸಲ ಇಳಿದ ಮೇಲೆ ಎರಡು, ಮೂರು, ನಾಲ್ಕನೇ ಲ್ಯಾಪ್ ಎಷ್ಟಾಯಿತು ಅಂತ ಮೊದಲು ನೀವು ಹೇಳಿ, ಆಮೇಲೆ ಕೋಚ್ ಗಡಿಯಾರ ತೋರಿಸಲಿ. ನಿಮ್ಮ ಊಹೆ ಮತ್ತು ಗಡಿಯಾರದ ನಡುವಿನ ಅಂತರ 0.1 ಸೆಕೆಂಡ್‌ಗೆ ಇಳಿಯುವವರೆಗೆ ಗೇರ್, ಹೆಲ್ಮೆಟ್, ಚಕ್ರ ಯಾವುದನ್ನೂ ಬದಲಾಯಿಸಲು ಹೋಗಬೇಡಿ.