ಧಾರಾವಾಹಿಯ ಅಜ್ಜಿಗೆ ವಯಸ್ಸಾಗುವುದು ಹೇಗೆ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವ ನಿಮ್ಮಲ್ಲಿ ಬಹಳ ಮಂದಿ ಇನ್ನು ಸ್ವಲ್ಪ ಹೊತ್ತಿಗೆ ಟಿವಿ ಮುಂದೆ ಕೂರುತ್ತೀರಿ ಅಂತ ನನಗೆ ಗೊತ್ತು. ಕೂರಿ, ತಪ್ಪೇನಿಲ್ಲ. ನಾನು ಧಾರಾವಾಹಿಗಳನ್ನು ಬಯ್ಯಲು ಬಂದವನಲ್ಲ. ಬಯ್ಯುವವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ಅರ್ಧ ಜನ ಕದ್ದು ನೋಡುತ್ತಾರೆ. ನಾನು ಹಿಂದೆ ಧಾರಾವಾಹಿ ಸೆಟ್‌ಗಳಲ್ಲಿ ಕ್ಯಾಮೆರಾ ಸಹಾಯಕನಾಗಿದ್ದೆ. ಈಗ ಹುಡುಗರಿಗೆ ಅದೇ ಕೆಲಸದ ಪಾಠ ಮಾಡುತ್ತೇನೆ. ಧಾರಾವಾಹಿಗಳಲ್ಲಿ ವಯಸ್ಸನ್ನು ಹೇಗೆ ತೋರಿಸುತ್ತಾರೆ ಅಂತ ಇವತ್ತು ಮಾತಾಡಲು ಕರೆದಿದ್ದಾರೆ.

ನನಗೆ ಹೇಳುವುದಕ್ಕಿರುವುದು ಒಂದೇ ಮಾತು. ಪಾತ್ರದ ತಲೆಗೂದಲು ನೋಡಬೇಡಿ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ನೋಡಿ.

ಕ್ಯಾಮೆರಾ ನಮಗೆ ಕಾಣುವುದೇ ಇಲ್ಲವಲ್ಲ, ನೋಡುವುದು ಹೇಗೆ ಅಂತೀರಾ? ಬಹಳ ಸುಲಭ. ಮುಖ ನಿಮಗೆ ಗಲ್ಲದ ಕೆಳಗಿನಿಂದ ಕಾಣುತ್ತಿದ್ದರೆ ಕ್ಯಾಮೆರಾ ಕೆಳಗಿದೆ. ಬೈತಲೆ, ನೆತ್ತಿ ಕಾಣುತ್ತಿದ್ದರೆ ಮೇಲಿದೆ. ಎದುರು ಕೂತವರ ಹಾಗೆ ಕಣ್ಣು ನೇರ ಸಿಕ್ಕಿದರೆ ಸಮಕ್ಕಿದೆ. ಇಷ್ಟೇ ವಿದ್ಯೆ. ಇದಕ್ಕೆ ಯಾವ ಕೋರ್ಸೂ ಬೇಡ.

ದೊಡ್ಡ ಮನೆಯ ಯಜಮಾನನನ್ನು ನೆನಪು ಮಾಡಿಕೊಳ್ಳಿ. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ. ಮಹಡಿ ಮೆಟ್ಟಿಲಿನ ಮೇಲೆ ನಿಂತಿರುತ್ತಾನೆ. ಕ್ಯಾಮೆರಾ ಹಾಲ್‌ನ ನೆಲಕ್ಕೆ ಅಂಟಿಕೊಂಡಿರುತ್ತದೆ. ಆತನಿಗೆ ಅರವತ್ತು ದಾಟಿದೆ, ಆದರೆ ಯಾರೂ ಮುದುಕ ಅನ್ನುವುದಿಲ್ಲ. ಮುಂದೊಂದು ದಿನ ಲಕ್ವ ಹೊಡೆಯುತ್ತದೆ, ಹಾಸಿಗೆ ಹಿಡಿಯುತ್ತಾನೆ. ತಕ್ಷಣ ಕ್ಯಾಮೆರಾ ಫ್ಯಾನಿನ ಹತ್ತಿರ ಹೋಗುತ್ತದೆ. ಮಂಚದ ಮಧ್ಯೆ ಸಣ್ಣ ದೇಹ, ಸುತ್ತ ದಿಂಬು. ನಟ ಅದೇ, ವಿಗ್ ಅದೇ, ಕಥೆಯಲ್ಲಿ ಕಳೆದಿರುವುದು ಬರೀ ಎರಡು ದಿನ. ಅವನಿಗೆ ಇಪ್ಪತ್ತು ವರ್ಷ ಜಾಸ್ತಿ ಆಗಿಹೋಯಿತು, ಅಲ್ವಾ?

ಮಕ್ಕಳ ವಿಷಯದಲ್ಲೂ ಇದೇ. ಈಗಿನ ಧಾರಾವಾಹಿಗಳಲ್ಲಿ ಚಿಕ್ಕ ಹುಡುಗಿ ಬಂದಳೆಂದರೆ ಕ್ಯಾಮೆರಾ ಅಪ್ಪ ಅಮ್ಮನ ಎತ್ತರದಲ್ಲೇ ನಿಂತು ಅವಳನ್ನು ಬಗ್ಗಿ ನೋಡುತ್ತದೆ. ನಮಗೆ ಮಗು ಮುದ್ದಾಗಿ ಕಾಣುತ್ತದೆ, ಅದರಾಚೆ ಏನೂ ಕಾಣುವುದಿಲ್ಲ. ‘ಮಾಲ್ಗುಡಿ ಡೇಸ್’ ಮತ್ತೆ ನೋಡುವ ಅವಕಾಶ ಸಿಕ್ಕರೆ ನೋಡಿ. 1986ರ ಸುಮಾರಿಗೆ ದೂರದರ್ಶನದಲ್ಲಿ ಬಂದದ್ದು. ಶಂಕರ್ ನಾಗ್ ನಿರ್ದೇಶನ, ಎಸ್. ರಾಮಚಂದ್ರ ಛಾಯಾಗ್ರಹಣ, ಆಗುಂಬೆಯಲ್ಲಿ ಚಿತ್ರೀಕರಣ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಆ ಹುಡುಗರ ಗುಂಪಿನಲ್ಲಿ ಕ್ಯಾಮೆರಾನೂ ಒಬ್ಬ ಹುಡುಗನ ಹಾಗೆ ಓಡಾಡುತ್ತದೆ. ಅದಕ್ಕೇ ನಾವು ಸ್ವಾಮಿಯನ್ನು ಮುದ್ದು ಮಾಡುವುದಿಲ್ಲ, ಅವನ ಜೊತೆ ಹೆದರುತ್ತೇವೆ. ಕಾರ್ನಾಡರು ಜೋರು ಮಾಡಬೇಕಾಗಿಯೇ ಇಲ್ಲ, ಸುಮ್ನೆ ಬಾಗಿಲಲ್ಲಿ ನಿಂತರೆ ಸಾಕು.

ಈಗ ಬಿಳಿ ಕೂದಲಿನ ವಿಷಯ. ಜನ ಮೊದಲು ಕೇಳುವುದೇ ಅದನ್ನು. ಮೇಕಪ್ ಬಗ್ಗೆ ಹೇಳಿ ಸಾರ್ ಅಂತ. ದಯವಿಟ್ಟು ಮೇಕಪ್ ಬಿಡಿ. ಹಿಂದಿಯಲ್ಲಿ 2000ರ ಜುಲೈನಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಶುರುವಾಯಿತು. ಸೊಸೆ ತುಳಸಿಯಾಗಿ ಬಂದ ಸ್ಮೃತಿ ಇರಾನಿಯವರಿಗೆ ಆಗ 24 ವರ್ಷ. ಕಥೆ ವರ್ಷಗಟ್ಟಲೆ ಮುಂದಕ್ಕೆ ಹಾರಿತು. ಹೀಗೆ ಹಾರುವುದಕ್ಕೆ ಸೆಟ್‌ನಲ್ಲಿ ಲೀಪ್ ಅನ್ನುತ್ತಾರೆ. ನೋಡನೋಡುತ್ತಲೇ ತುಳಸಿಗೆ ಮದುವೆ ವಯಸ್ಸಿನ ಮಕ್ಕಳು. ಮಲಮಗ ಕರಣ್ ಆಗಿ ಬಂದ ಹಿತೇನ್ ತೇಜ್ವಾನಿ ಹುಟ್ಟಿದ್ದು 1974ರಲ್ಲಿ. ಅಂದರೆ ಮಗ ಅಮ್ಮನಿಗಿಂತ ಎರಡು ವರ್ಷ ದೊಡ್ಡವನು! ದೇಶಕ್ಕೆ ದೇಶವೇ ನಂಬಿತು. ಕಿವಿಯ ಹತ್ತಿರ ಎರಡು ಬಿಳಿ ಎಳೆ ಬಳಿದದ್ದಕ್ಕೆ ಇಷ್ಟೆಲ್ಲಾ ನಂಬುತ್ತಾರಾ? ಯಾರು ಯಾರಿಗೆ ಬಗ್ಗುತ್ತಾರೆ, ಯಾರು ತಲೆಯೆತ್ತಿ ಯಾರನ್ನು ನೋಡುತ್ತಾರೆ, ಆಗ ಕ್ಯಾಮೆರಾ ಯಾರ ಭುಜದ ಹಿಂದೆ ಇರುತ್ತದೆ, ನಂಬಿಸುವುದು ಇವೆಲ್ಲ. ಬಿಳಿ ಎಳೆ ಕೊನೆಗೆ ಒಂದು ಸಾಕ್ಷಿ, ಅಷ್ಟೇ.

ಇದಕ್ಕೊಂದು ಪ್ರಸಂಗ ಹೇಳಲೇಬೇಕು. ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ, ಇವತ್ತು ನೀವೂ ಕೇಳಿಬಿಡಿ.

ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆಗೆ ಹಿಡಿದ ಒಂದು ಮನೆ. ಆವತ್ತು ಆಸ್ತಿ ಪಾಲಿನ ಸೀನ್. ಅಜ್ಜಿ ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತಿದ್ದಾಳೆ. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು ಸುತ್ತ ನಿಂತು ಜಗಳ ಆಡುತ್ತಾರೆ. ಪುಟಗಟ್ಟಲೆ ಡೈಲಾಗ್. ಅಜ್ಜಿಗೆ ಇರುವುದು ಕೊನೆಯಲ್ಲಿ ಒಂದೇ ಮಾತು. “ನಿಮ್ಮಿಷ್ಟ.” ಅಜ್ಜಿಯ ಪಾತ್ರಕ್ಕೆ ಬಂದಿದ್ದವರು ಹಳೇ ನಾಟಕ ಕಂಪನಿಯ ಕಲಾವಿದೆ. ಸೆಟ್‌ನಲ್ಲಿ ಎಲ್ಲರೂ ಅಮ್ಮ ಅಂತಲೇ ಕರೆಯುತ್ತಿದ್ದೆವು. ಹಿಂದಿನ ಸಾಲಿನವರಿಗೂ ಕೇಳಿಸುವ ಹಾಗೆ ಮಾತಾಡಿ ಅಭ್ಯಾಸವಾದ ಗಂಟಲು, ಪಿಸುಗುಟ್ಟಿದರೂ ಅಡುಗೆಮನೆವರೆಗೆ ಕೇಳುತ್ತಿತ್ತು.

ಎರಡು ಕ್ಯಾಮೆರಾಗಳನ್ನೂ ನಿಂತವರ ಭುಜದ ಎತ್ತರಕ್ಕೆ ಇಟ್ಟಿದ್ದೆವು. ಎಲ್ಲರೂ ಹಾಗೇ ಇಡುವುದು. ಮಾತಾಡುವವರೆಲ್ಲ ನಿಂತಿದ್ದಾರಲ್ಲ. ರಿಹರ್ಸಲ್ ಆಯಿತು. ಅಮ್ಮ ಎದ್ದು ಬಂದು ಮಾನಿಟರ್ ನೋಡಿದರು. ನೋಡಿ ನಿರ್ದೇಶಕರಿಗೆ ಕೇಳಿದರು:

“ಏನಪ್ಪಾ, ಮನೆ ಯಾರ ಹೆಸರಲ್ಲಿದೆ?”

“ನಿಮ್ಮ ಹೆಸರಲ್ಲೇ ಅಮ್ಮ, ಅದೇ ತಾನೆ ಕಥೆ.”

“ಮತ್ತೆ ಇದರಲ್ಲಿ ನಾನು ಆಸ್ಪತ್ರೆಯಲ್ಲಿ ಚೀಟಿ ಹಿಡ್ಕೊಂಡು ಕೂತವಳ ಹಾಗೆ ಕಾಣ್ತಿದೀನಲ್ಲ! ಬರೀ ಬೈತಲೆ ತೋರಿಸ್ತಿದೀಯ.”

ನಿರ್ದೇಶಕರಿಗೆ ಅವಸರ. ಆವತ್ತಿನ ಶೂಟಿಂಗ್ ಆವತ್ತೇ ಎಡಿಟಿಂಗ್‌ಗೆ ಹೋಗಬೇಕು. “ಅಮ್ಮಾ, ಹೊತ್ತಾಗ್ತಿದೆ” ಅಂದರು. “ಸರಿ, ಹಾಗಾದ್ರೆ ನಾನೂ ನಿಂತ್ಕೊಂಡೇ ಇರ್ತೀನಿ” ಅಂದರು ಅಮ್ಮ. “ಅಯ್ಯೋ, ಅಜ್ಜಿಗೆ ಮಂಡಿನೋವು ಅಂತ ನಿನ್ನೆ ಎಪಿಸೋಡಲ್ಲಿ ಹೇಳಿಬಿಟ್ಟಿದೀವಿ ಅಮ್ಮ.” “ಮಂಡಿನೋವು ಅಜ್ಜಿಗೆ ಕಣಪ್ಪಾ, ನನಗಲ್ಲ.”

ಲೈಟ್ ಹುಡುಗರು ನಕ್ಕುಬಿಟ್ಟರು. ಕ್ಯಾಮೆರಾಮನ್ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಿ ಕೈ ಕೆಳಗೆ ಮಾಡಿದರು. ಟ್ರೈಪಾಡ್ ಇಳಿಸು ಅಂತ. ಇಳಿಸಿದೆ. ಕ್ಯಾಮೆರಾ ಅಮ್ಮನ ಕಣ್ಣಿನ ಸಮಕ್ಕೆ ಬಂತು.

ಈಗ ಕೇಳಿ ಏನಾಯಿತು ಅಂತ. ನಿಂತವರ ತಲೆಗಳೆಲ್ಲ ಫ್ರೇಮಿನಿಂದ ಆಚೆ ಹೋದವು! ದೊಡ್ಡ ಮಗನ ಬೆಲ್ಟು, ದೊಡ್ಡ ಸೊಸೆಯ ಸೊಂಟದ ಬೀಗದ ಕೈ ಗೊಂಚಲು, ಕಿರಿ ಮಗನ ಕೈಯ ಮೊಬೈಲು. ಮುಖ ಅಂತ ಇರುವುದು ಅಜ್ಜಿಗೆ ಒಬ್ಬಳಿಗೇ. ಸೊಂಟಗಳು ಜಗಳ ಆಡುತ್ತಿವೆ, ಒಂದು ಮುಖ ಕೇಳಿಸಿಕೊಳ್ಳುತ್ತಿದೆ. ನಡುವಿನ ಮಗನ ಪಾತ್ರದ ಹುಡುಗ ಜಾಣ. ತಾನು ಕಾಣುತ್ತಿಲ್ಲ ಅಂತ ಗೊತ್ತಾಗಿ, ಯಾರೂ ಹೇಳದೆಯೇ ಡೈಲಾಗ್ ಹೇಳುತ್ತಾ ಅಮ್ಮನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಕೂತದ್ದೇ ತಡ, ಅವನು ಹತ್ತು ವರ್ಷದ ಹುಡುಗನ ಹಾಗೆ ಕಂಡ. ಮೀಸೆ ಇದ್ದ ಗಂಡಸು!

ಕೊನೆಗೆ ಅಮ್ಮ ಹೇಳಿದರು, “ನಿಮ್ಮಿಷ್ಟ.” ರಿಹರ್ಸಲ್‌ನಲ್ಲಿ ಅದು ಸೋತವರ ಮಾತಾಗಿತ್ತು. ಈಗ ಅದು ಧಮ್ಕಿ. ಒಂದಕ್ಷರ ಬದಲಾಗಿರಲಿಲ್ಲ. ಅಮ್ಮನ ದನಿಯೂ ಅದೇ. ಬದಲಾದದ್ದು ಕ್ಯಾಮೆರಾದ ಎತ್ತರ.

ಪ್ರಸಾರವಾದಾಗ ನೋಡಿದೆ. ಶಾಟ್ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಮ್ಮ ‘ನಿಮ್ಮಿಷ್ಟ’ ಅಂದ ತಕ್ಷಣ ಕಟ್. ಕಿರಿ ಸೊಸೆಯ ಮುಖ. ಗುಡುಗು. ಮತ್ತೆ ಅವಳದೇ ಮುಖ, ಇನ್ನೊಂದು ಕಡೆಯಿಂದ. ಮತ್ತೆ ಗುಡುಗು. ಮನೆ ಇರುವುದು ಅಜ್ಜಿಯ ಹೆಸರಲ್ಲಿ, ಬೆಚ್ಚಿಬೀಳುವ ಹಕ್ಕು ಮಾತ್ರ ಇಪ್ಪತ್ತೈದರ ಸೊಸೆಗೆ. ನನಗೆ ಈಗಲೂ ಅದನ್ನು ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಕೆಳಗೆ ಇಳಿಸಿದ ಕ್ಯಾಮೆರಾವನ್ನು ಎಡಿಟಿಂಗ್ ಟೇಬಲ್ ಮೇಲೆ ಮತ್ತೆ ಮೇಲಕ್ಕೆ ಏರಿಸಿಬಿಟ್ಟರು. ಅಲ್ಲಿ ಎತ್ತರ ಅಂದರೆ ಸಮಯ. ಯಾರ ಮುಖದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೀರಿ, ಕಥೆ ಅವರದ್ದು.

ಅರ್ಧಕ್ಕಿಂತ ಜಾಸ್ತಿ ಸಮಯ ಈ ಪ್ರಸಂಗಕ್ಕೇ ಹೋಯಿತು. ಹೋಗಲಿ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಪಾತ್ರಗಳು ಹೇಗೆ ಒಳಗೆ ಬರುತ್ತವೆ ಗಮನಿಸಿ. ನಾಯಕ ಬರುವಾಗ ಬಾಗಿಲು ತೆರೆಯುತ್ತದೆ, ಗಾಳಿ ಬೀಸುತ್ತದೆ, ನಡಿಗೆ ನಿಧಾನವಾಗುತ್ತದೆ, ಡ್ರಮ್ಸ್ ಬಡಿಯುತ್ತದೆ. ಅಜ್ಜಿ ಎಲ್ಲಿಂದಲೂ ಬರುವುದಿಲ್ಲ. ಸೀನ್ ಶುರುವಾದಾಗ ಆಗಲೇ ಸೋಫಾದಲ್ಲಿ ಕೂತಿರುತ್ತಾಳೆ. ಎಲ್ಲಿಗೆ ಹೋಗಿದ್ದಳು, ಯಾಕೆ ಬಂದಳು, ಕೇಳುವವರಿಲ್ಲ. ಒಬ್ಬಳೇ ಇರುವ ಸೀನಂತೂ ಅಪರೂಪ. ಇದ್ದರೆ ಅದು ಗಂಡನ ಫೋಟೋ ಜೊತೆ. ಆ ಫೋಟೋನೂ ಗೋಡೆಯ ಮೇಲೆ ಎತ್ತರದಲ್ಲಿ, ಅಜ್ಜಿ ಕೆಳಗೆ.

ಹಾಗಂತ ಎಲ್ಲ ಕಡೆ ಹೀಗೇ ಅಂತಲ್ಲ. ಜೀ ಕನ್ನಡದಲ್ಲಿ 2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಉಮಾಶ್ರೀ ಅವರಿಗೆ ಅರವತ್ತು ದಾಟಿತ್ತು. ಮೆಸ್ ನಡೆಸುವ ಹೆಂಗಸು, ಮೂವರು ಹೆಣ್ಣುಮಕ್ಕಳ ತಾಯಿ. ಧಾರಾವಾಹಿಯ ಹೆಸರಲ್ಲೇ ಆಕೆ ಇದ್ದಾಳೆ. ಕೆಲಸ ಮಾಡುವ ಪಾತ್ರಕ್ಕೆ ಒಂದು ಲಾಭ ಇದೆ. ಒಲೆ ಮುಂದೆ ನಿಂತವಳ ಕೈ ತೋರಿಸಬೇಕು, ಬಡಿಸುವಾಗ ಜೊತೆಗೆ ನಡೆಯಬೇಕು. ಕ್ಯಾಮೆರಾ ತಾನಾಗೇ ಅವಳ ಎತ್ತರಕ್ಕೆ ಬರುತ್ತದೆ. ಮರುವರ್ಷ ಅದೇ ವಾಹಿನಿಯಲ್ಲಿ ಬಂದ ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಸುಧಾರಾಣಿಯವರ ಪಾತ್ರ ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಮದುವೆಯಾಗುತ್ತದೆ. ಅಲ್ಲಿ ಸಂಗತಿ ಇನ್ನೂ ಸೂಕ್ಷ್ಮ. ನಡುವಯಸ್ಸಿನ ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡುವಾಗ ಕ್ಯಾಮೆರಾ ಇಬ್ಬರ ಕಣ್ಣಿನ ಸಮಕ್ಕೆ ನಿಲ್ಲಲೇಬೇಕು. ಮೇಲೆ ನಿಂತರೆ ಅಯ್ಯೋ ಪಾಪ ಅನಿಸುತ್ತದೆ, ಕೆಳಗೆ ನಿಂತರೆ ತಮಾಷೆ ಅನಿಸುತ್ತದೆ.

ಇಂಗ್ಲೆಂಡಿನ ರಾಣಿ ಎರಡನೇ ಎಲಿಜಬೆತ್ ಮೇಲೆ ‘ದಿ ಕ್ರೌನ್’ ಅಂತ ಒಂದು ಸರಣಿ ಬಂತು, ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ನೋಡಿರುತ್ತಾರೆ. ಅಲ್ಲಿ ಬಿಳಿ ಬಳಿಯುವ ಗೋಜಿಗೇ ಹೋಗಲಿಲ್ಲ, ನಟಿಯನ್ನೇ ಬದಲಾಯಿಸಿದರು. ಮೊದಲು ಕ್ಲೇರ್ ಫಾಯ್, 2019ರಲ್ಲಿ ಒಲಿವಿಯಾ ಕೋಲ್ಮನ್, ಆಮೇಲೆ ಇಮೆಲ್ಡಾ ಸ್ಟಾಂಟನ್. ಕೋಲ್ಮನ್ ಬಂದ ಮೊದಲ ಕಂತಿನಲ್ಲೇ ರಾಣಿಯ ಮುಂದೆ ಎರಡು ಅಂಚೆಚೀಟಿಗಳ ಚಿತ್ರ ಇಡುತ್ತಾರೆ. ಹಳೆಯದರಲ್ಲಿ ಫಾಯ್ ಮುಖ, ಹೊಸದರಲ್ಲಿ ಕೋಲ್ಮನ್ ಮುಖ. ಅಧಿಕಾರಿಗಳು ಸಂಕೋಚದಿಂದ ಮಾತು ತಿರುಗಿಸುತ್ತಾರೆ, ರಾಣಿಯೇ ವಯಸ್ಸಾಯಿತು ಅಂತ ಹೇಳಿ ಮುಗಿಸುತ್ತಾಳೆ. ನಟಿ ಬದಲಾದದ್ದನ್ನು ಮುಚ್ಚಿಡದೆ ಅದನ್ನೇ ಸೀನ್ ಮಾಡಿಬಿಟ್ಟರು. ನನಗೆ ಬಹಳ ಹಿಡಿಸಿತು. ಅಂಚೆಚೀಟಿಯಲ್ಲಿ ಎತ್ತರವೂ ಇಲ್ಲ, ತಗ್ಗೂ ಇಲ್ಲ ನೋಡಿ!

ಬೆಳಕಿನ ಬಗ್ಗೆ ಒಂದೇ ಮಾತು. ಪಕ್ಕದಿಂದ ಬಿರುಸಾಗಿ ಬಿದ್ದರೆ ಸುಕ್ಕು ಎದ್ದು ಕಾಣುತ್ತದೆ. ಎದುರಿನಿಂದ, ಬಟ್ಟೆ ಕಟ್ಟಿ ಮೆತ್ತಗೆ ಮಾಡಿ ಬಿಟ್ಟರೆ ಮಾಯವಾಗುತ್ತದೆ. ನಾಯಕಿಗೆ ಮೆತ್ತನೆ ಬೆಳಕು ಸಿಗುತ್ತದೆ, ಅತ್ತೆಗೆ ಪಕ್ಕದ ಬೆಳಕು. ಶಬ್ದದ ಬಗ್ಗೆ ಇನ್ನೂ ಕಮ್ಮಿ ಹೇಳುತ್ತೇನೆ, ರೇಡಿಯೋದಲ್ಲಿ ಕೂತು ಹೀಗನ್ನುವುದು ಸರಿಯಲ್ಲ, ಆದರೂ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಅಜ್ಜನಿಗೆ ಕೋಲಿನ ಸದ್ದು, ಕೆಮ್ಮು. ಅಜ್ಜಿಗೆ ಕೊಳಲು. ಈ ವಯಸ್ಸಾದವರಿಗೆ ಗಿಟಾರ್ ಯಾಕೆ ಬಾರಿಸುವುದಿಲ್ಲವೋ!

ಇವತ್ತಿನ ಧಾರಾವಾಹಿ ನೋಡುವಾಗ ಪಕ್ಕದಲ್ಲಿ ಕೂತವರಿಗೆ ಹೇಳಿ, ಅಗೋ ಕ್ಯಾಮೆರಾ ಮೇಲಿದೆ, ಇಗೋ ಕೆಳಗಿದೆ ಅಂತ. ಬೈದರೆ ಬೈಸಿಕೊಳ್ಳಿ. ಸಂದೇಹ ಇದ್ದವರು ಆಕಾಶವಾಣಿಗೆ ಪತ್ರ ಬರೆಯಿರಿ, ಖಂಡಿತ ಉತ್ತರ ಕೊಡುತ್ತೇನೆ. ಆ ನಟಿಗೆ ನಿಜವಾಗಿ ಎಷ್ಟು ವಯಸ್ಸು ಅಂತ ಮಾತ್ರ ಕೇಳಬೇಡಿ. ನಮಸ್ಕಾರ.