ಕೆನಡಾದ ಕಳೆದುಹೋದ ಕಷಾಯ

[ಪರದೆ: ಸೇಂಟ್ ಲಾರೆನ್ಸ್ ನದಿಯ ಹಳೆಯ ನಕ್ಷೆ. ಕೆಂಪು ಚುಕ್ಕೆ ಗ್ಯಾಸ್ಪೆ ಕೊಲ್ಲಿಯ ಮೇಲೆ ನಿಲ್ಲುತ್ತದೆ.]

ನಮಸ್ಕಾರ. ಕನ್ನಡ ಎಂದರೆ ಕೆನಡಾ ಎಂದು ಕೇಳಿಸಿಕೊಂಡವರು ನಿಮಗೂ ಸಿಕ್ಕಿರಬಹುದು. ಎರಡಕ್ಕೂ ನಂಟಿಲ್ಲ. ಕೆನಡಾ ಎಂಬ ಹೆಸರಿನ ಮೂಲ ‘ಕನಾಟ’. ಸೇಂಟ್ ಲಾರೆನ್ಸ್ ದಂಡೆಯ ಇರೊಕ್ವಾಯನ್ ಎಂಬ ಮೂಲನಿವಾಸಿ ಜನರ ನುಡಿಯಲ್ಲಿ ಅದಕ್ಕೆ ಊರು ಎಂದರ್ಥ, ಅಷ್ಟೇ. ಈ ಪದವನ್ನು ಫ್ರೆಂಚರ ಕಿವಿಗೆ ಹಾಕಿದವರು ಇಬ್ಬರು ಯುವಕರು. ಅದಕ್ಕೆ ಒಂದು ವರ್ಷ ಮೊದಲು ಅದೇ ಫ್ರೆಂಚರು ಅವರನ್ನು ಹಡಗಿಗೆ ಹತ್ತಿಸಿಕೊಂಡು ಹೋಗಿದ್ದರು.

1534ರ ಜುಲೈ 24. ಫ್ರೆಂಚ್ ನಾವಿಕ ಜಾಕ್ ಕಾರ್ತಿಯೇ ಗ್ಯಾಸ್ಪೆಯ ದಡದಲ್ಲಿ 30 ಅಡಿಯ ಶಿಲುಬೆ ನೆಡಿಸಿದ. ಮೇಲೆ ಕೆತ್ತಿದ್ದ ಬರಹ ‘ಫ್ರಾನ್ಸಿನ ದೊರೆಗೆ ಜಯವಾಗಲಿ’. ಸ್ಟಡಕೋನ ಎಂಬ ಊರಿನಿಂದ ಬಂಗುಡೆ ಜಾತಿಯ ಮೀನು ಹಿಡಿಯಲು ಬಂದಿದ್ದ 200ಕ್ಕೂ ಹೆಚ್ಚು ಜನ ಅಲ್ಲಿ ಬೀಡುಬಿಟ್ಟಿದ್ದರು. ಅವರ ನಾಯಕ ಡೊನ್ನಕೋನ, ಹಳೆಯ ಕರಡಿ ಚರ್ಮ ಹೊದ್ದು, ದೋಣಿಯಲ್ಲಿ ಹಡಗಿನ ಬಳಿಗೆ ಬಂದ. ಎರಡು ಬೆರಳುಗಳನ್ನು ಅಡ್ಡ ಇಟ್ಟು ಶಿಲುಬೆಯ ಆಕಾರ ತೋರಿಸಿ, ಸುತ್ತಲಿನ ನೆಲದತ್ತ ಕೈಬೀಸಿದ. ನಮ್ಮ ಹೊಲದಲ್ಲಿ ಯಾರೋ ಬಂದು ಬಾಂದುಕಲ್ಲು ನೆಟ್ಟರೆ ನಾವು ಏನು ಕೇಳುತ್ತೇವೆಯೋ ಅದನ್ನೇ ಅವನು ಕೇಳಿದ್ದು. ಇದು ಹಡಗುಗಳಿಗೆ ದಾರಿ ತೋರುವ ಗುರುತು ಮಾತ್ರ ಎಂದು ಕಾರ್ತಿಯೇ ಸನ್ನೆಯಲ್ಲಿ ಹೇಳಿದ. ಹೀಗೆ ಹೇಳಿದ್ದು ಅವನ ಕಡೆಯ ಬರಹದಲ್ಲೇ ಇದೆ; ಈ ಕತೆಯ ಬಹುಪಾಲು ನಮಗೆ ಸಿಗುವುದೇ ಆ ಬರಹದಿಂದ. ಡೊನ್ನಕೋನನ ಮಕ್ಕಳಾದ ಡೊಮಗಾಯ ಮತ್ತು ಟೈನೊಆನ್ಯಿ ಆ ಹಡಗಿನಲ್ಲೇ ಫ್ರಾನ್ಸಿಗೆ ಹೋದರು.

[ಪರದೆ: ಮೂರು ಹಡಗುಗಳು. ವರ್ಷ 1535.]

ಮರುವರ್ಷ ಅವರಿಬ್ಬರೂ ಫ್ರೆಂಚ್ ಕಲಿತು ದುಭಾಷಿಗಳಾಗಿ ಮರಳಿದರು. ನದಿಯ ದಾರಿ ತೋರಿಸಿದವರೂ ಅವರೇ. ಸ್ಟಡಕೋನ ಇದ್ದದ್ದು ಇಂದಿನ ಕ್ವಿಬೆಕ್ ನಗರದ ಜಾಗದಲ್ಲಿ. ಆದರೆ ಕಾರ್ತಿಯೇಗೆ ಇನ್ನೂ ಮೇಲಿನ ಹೊಷೆಲಾಗಕ್ಕೆ, ಅಂದರೆ ಇಂದಿನ ಮಾಂಟ್ರಿಯಲ್‌ಗೆ, ಹೋಗುವ ಆತುರ. ಹೊಸಬರ ವ್ಯಾಪಾರ ತಮ್ಮ ಕೈತಪ್ಪಿ ಹೋಗುವುದು ಸ್ಟಡಕೋನದವರಿಗೆ ಬೇಕಿರಲಿಲ್ಲ. ಅವರು ಹೂಡಿದ ಉಪಾಯ ನನಗೆ ಬಹಳ ಇಷ್ಟ. ಮೂವರು ನಾಯಿಯ ಚರ್ಮ ಹೊದ್ದು, ತಲೆಗೆ ಉದ್ದನೆಯ ಕೊಂಬು ಕಟ್ಟಿ, ಮುಖಕ್ಕೆ ಮಸಿ ಬಳಿದುಕೊಂಡು ದೋಣಿಯಲ್ಲಿ ಬಂದರು. ಹೊಷೆಲಾಗದಲ್ಲಿ ಹಿಮ ಬಿದ್ದು ನೀವೆಲ್ಲ ಸಾಯುತ್ತೀರಿ, ಇದು ದೇವರ ಸಂದೇಶ ಎಂದರು. ಫ್ರೆಂಚರು ನಕ್ಕರು. ಕಾರ್ತಿಯೇ ಹೋಗಿ ಬಂದ.

ನವೆಂಬರ್ ನಡುವಿನಲ್ಲಿ ಹಡಗುಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡವು. ಬಿಡುಗಡೆ ಏಪ್ರಿಲ್ ನಡುವಿನಲ್ಲಿ.

ಈ ನಡುವೆ ಸ್ಕರ್ವಿ ಬಂತು. ಕಾಲು ಊದಿ ಕಪ್ಪಾಗುತ್ತದೆ, ವಸಡು ಕೊಳೆತು ಹಲ್ಲು ಉದುರುತ್ತವೆ. ವಿಟಮಿನ್ ಸಿ ಕೊರತೆ ಎಂದು ಇಂದು ನಾವು ಸಲೀಸಾಗಿ ಹೇಳುತ್ತೇವೆ. ಆಗ ಆ ಹೆಸರೂ ಇರಲಿಲ್ಲ. ಸುಮಾರು 110 ಜನರಲ್ಲಿ 25 ಮಂದಿ ಸತ್ತರು. ಗಟ್ಟಿಯಾಗಿದ್ದವರು ಹತ್ತು ಜನವೂ ಇಲ್ಲ. ತಾವು ಇಷ್ಟು ಸೊರಗಿರುವುದು ಊರಿನವರಿಗೆ ತಿಳಿದರೆ ಮುತ್ತಿಗೆ ಹಾಕಿಯಾರು ಎಂಬ ಭಯ ಕಾರ್ತಿಯೇಗೆ. ಯಾರಾದರೂ ಹತ್ತಿರ ಬಂದರೆ ಹಡಗಿನೊಳಗೆ ರಿಪೇರಿ ನಡೆಯುತ್ತಿದೆ ಎನಿಸುವಂತೆ ಮಲಗಿದ್ದ ರೋಗಿಗಳಿಂದಲೇ ಕೋಲು, ಕಲ್ಲು ಬಡಿಸುತ್ತಿದ್ದ.

ಒಂದು ದಿನ ಡೊಮಗಾಯ ನಡೆದು ಬರುವುದನ್ನು ಕಾರ್ತಿಯೇ ಕಂಡ. ಹತ್ತು ಹನ್ನೆರಡು ದಿನಗಳ ಹಿಂದೆ ಅದೇ ರೋಗದಿಂದ ಮಂಡಿ ಊದಿಸಿಕೊಂಡಿದ್ದ ಡೊಮಗಾಯ! ಹೇಗೆ ವಾಸಿಯಾಯಿತು ಎಂದು ವಿಚಾರಿಸಿದ. ತನ್ನ ಆಳೊಬ್ಬನಿಗೆ ಹುಷಾರಿಲ್ಲ, ಅದಕ್ಕಾಗಿ ಕೇಳುತ್ತಿದ್ದೇನೆ ಎಂದ. ಡೊಮಗಾಯ ಒಂದು ಮರದ ಹೆಸರು ಹೇಳಿದ: ಅನೆಡ್ಡ. ಇಬ್ಬರು ಹೆಂಗಸರು ಕಾಡಿಗೆ ಹೋಗಿ ಕೊಂಬೆಗಳನ್ನು ತಂದುಕೊಟ್ಟರು. ತೊಗಟೆ, ಎಲೆ ಕುದಿಸಿ ಕಷಾಯ ಕುಡಿಯಬೇಕು, ಚರಟವನ್ನು ಊದಿದ ಕಾಲಿಗೆ ಕಟ್ಟಬೇಕು. ಮೊದಲು ಬಾಯಿಗಿಡಲು ಯಾರೂ ಒಪ್ಪಲಿಲ್ಲ. ಒಂದಿಬ್ಬರು ಕುಡಿದು ಚೇತರಿಸಿಕೊಂಡದ್ದೇ ತಡ, ನೂಕುನುಗ್ಗಲು. ವಾರದೊಳಗೆ ಒಂದು ದೊಡ್ಡ ಮರವೇ ಬರಿದಾಯಿತು. ಯುರೋಪಿನ ಹೆಸರಾಂತ ವೈದ್ಯರೆಲ್ಲ ಸೇರಿದ್ದರೂ ವರ್ಷದಲ್ಲಿ ಇಷ್ಟು ಮಾಡಲಾಗುತ್ತಿರಲಿಲ್ಲ ಎಂಬ ಅರ್ಥದ ಮಾತು ಅವನ ಬರಹದಲ್ಲಿದೆ.

[ಪರದೆ: ಎರಡನೆಯ ಶಿಲುಬೆ. ಸಂಗೀತ ನಿಲ್ಲುತ್ತದೆ.]

1536ರ ಮೇ 3. ಮಂಜು ಕರಗಿದೆ. ಈ ಬಾರಿ 35 ಅಡಿಯ ಶಿಲುಬೆ. ಅದೇ ದಿನ ಕಾರ್ತಿಯೇ ಡೊನ್ನಕೋನನನ್ನೂ ಅವನ ಮಕ್ಕಳನ್ನೂ ಹಿಡಿಸಿದ. ಹೌದು, ಕಷಾಯ ಹೇಳಿಕೊಟ್ಟ ಡೊಮಗಾಯನನ್ನೂ. ಡೊನ್ನಕೋನ ಸಗುನೇ ಎಂಬ ಚಿನ್ನದ ನಾಡಿನ ಕತೆ ಹೇಳಿದ್ದ. ಅದನ್ನು ಅವನ ಬಾಯಿಂದಲೇ ದೊರೆಗೆ ಕೇಳಿಸಬೇಕಿತ್ತು. ರಾತ್ರಿಯೆಲ್ಲ ದಡದಲ್ಲಿ ಜನರ ಗೋಳು. ಬೆಳಿಗ್ಗೆ ಅವರು ಕಪ್ಪೆಚಿಪ್ಪಿನ ಮಣಿಸರಗಳನ್ನು ತಂದು ಕೊಟ್ಟರು. ಅವರ ಪಾಲಿಗೆ ಅದಕ್ಕಿಂತ ಬೆಲೆಬಾಳುವ ವಸ್ತು ಇರಲಿಲ್ಲ. ಹನ್ನೆರಡು ತಿಂಗಳೊಳಗೆ ಕರೆತರುತ್ತೇನೆ ಎಂದು ಕಾರ್ತಿಯೇ ಮಾತು ಕೊಟ್ಟ.

ಫ್ರಾನ್ಸಿಗೆ ಹೋದವರು ಒಟ್ಟು ಹತ್ತು ಜನ. ಕಾರ್ತಿಯೇ ಮರಳಿದ್ದು ಐದು ವರ್ಷಗಳ ನಂತರ, 1541ರಲ್ಲಿ. ಅಷ್ಟರಲ್ಲಿ ಒಬ್ಬ ಹುಡುಗಿಯನ್ನು ಬಿಟ್ಟು ಎಲ್ಲರೂ ಸತ್ತಿದ್ದರು. ಡೊನ್ನಕೋನ ತೀರಿಕೊಂಡ, ಉಳಿದವರು ಮದುವೆಯಾಗಿ ದೊಡ್ಡ ಸಾಹುಕಾರರಂತೆ ಇದ್ದಾರೆ, ಬರಲು ಮನಸ್ಸಿಲ್ಲವಂತೆ ಎಂದು ಅವನು ಊರಿನವರಿಗೆ ಹೇಳಿದ. ಕಟ್ಟಿದ ವಸಾಹತು ನಿಲ್ಲಲಿಲ್ಲ. ಹೊತ್ತೊಯ್ದ ಚಿನ್ನ, ವಜ್ರ ಬರೀ ಕಾಗೆಬಂಗಾರ, ಬೆಣಚುಕಲ್ಲು. ಅವನ ನಂತರ ಅಲ್ಲೇ ಬೀಡುಬಿಟ್ಟ ಫ್ರೆಂಚ್ ಸರದಾರ ರೋಬರ್ವಾಲ್‌ನ ಕಡೆಯವರಲ್ಲಿ ಸುಮಾರು 50 ಜನ ಮೊದಲ ಚಳಿಗಾಲದಲ್ಲೇ ಸತ್ತರು. ರೋಗ ಅದೇ ಸ್ಕರ್ವಿ. ಮರ ಸುತ್ತಲೂ ಇತ್ತು. ತೋರಿಸಲು ಡೊಮಗಾಯ ಇರಲಿಲ್ಲ.

[ಪರದೆ: 1604. ಸೇಂಟ್ ಕ್ರಾಯ್ ದ್ವೀಪ, ಹಿಮ.]

ಇನ್ನೊಬ್ಬ ಫ್ರೆಂಚ್ ಅನ್ವೇಷಕ ಷಾಂಪ್ಲೇನ್ 1603ರಲ್ಲಿ ಬಂದು ನೋಡುವ ಹೊತ್ತಿಗೆ ಸ್ಟಡಕೋನವೂ ಇಲ್ಲ, ಹೊಷೆಲಾಗವೂ ಇಲ್ಲ. ಯುದ್ಧವೋ, ರೋಗವೋ, ಚಳಿಯೋ, ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಅನೆಡ್ಡ ಯಾವ ಮರ ಎಂಬ ಬಗ್ಗೆಯೂ ಹಾಗೆಯೇ: ಬಿಳಿ ಸೀಡರ್ ಎನ್ನುವವರಿದ್ದಾರೆ, ಬಾಲ್ಸಮ್ ಫರ್ ಎನ್ನುವವರೂ ಇದ್ದಾರೆ. 1604ರ ಚಳಿಗಾಲದಲ್ಲಿ, ಇಂದಿನ ಕೆನಡಾ-ಅಮೆರಿಕ ಗಡಿಯ ಸೇಂಟ್ ಕ್ರಾಯ್ ದ್ವೀಪದಲ್ಲಿದ್ದ 79 ಫ್ರೆಂಚರಲ್ಲಿ 35 ಮಂದಿ ಸ್ಕರ್ವಿಯಿಂದ ಸತ್ತರು. ಕಾರ್ತಿಯೇಯ ಔಷಧದ ವಿಷಯ ಷಾಂಪ್ಲೇನ್‌ಗೆ ಗೊತ್ತಿತ್ತು. ಆ ಸೀಮೆಯ ಒಳನಾಡಿನಲ್ಲಿ ಅನೆಡ ಎಂಬ ಹೆಸರಿನ ನಾಯಕನೊಬ್ಬ ಇದ್ದಾನೆ ಎಂದು ತಿಳಿದಾಗ, ಔಷಧ ಕಂಡುಹಿಡಿದವರು ಇವನ ಕುಲದವರೇ ಇರಬೇಕು ಎಂದು ಅವನು ಎಣಿಸಿದ. ಆದರೆ ಅಲ್ಲಿನವರದು ಬೇರೆ ಜನಾಂಗ, ಬೇರೆ ನುಡಿ. ಅಂಥದೊಂದು ಗಿಡವಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.